ಧ್ವಜ ಬಂತು, ಠಾಣೆ ಬರಲಿಲ್ಲ: ಜಪಾನಿ ಆಳ್ವಿಕೆಯ ಅಂಡಮಾನ್, 1942–45

1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರ್‌ನ ಜಿಮ್‌ಖಾನಾ ಮೈದಾನದಲ್ಲಿ ಸುಭಾಷ್ ಚಂದ್ರ ಬೋಸರು ತ್ರಿವರ್ಣ ಧ್ವಜ ಹಾರಿಸಿದರು. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸೆಲ್ಯುಲರ್ ಜೈಲು. ಅದರೊಳಗೆ, ಪೂರ್ವ ಏಷ್ಯಾದಲ್ಲಿದ್ದ ಭಾರತೀಯರ ಸ್ವಾತಂತ್ರ್ಯ ಸಂಘಟನೆ, ಬೋಸರೇ ಅಧ್ಯಕ್ಷರಾಗಿದ್ದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್‌ನ ಸ್ಥಳೀಯ ಮುಖಂಡ ಡಾ. ದಿವಾನ್ ಸಿಂಗ್ ಎರಡು ತಿಂಗಳಿಂದ ಜಪಾನಿಯರ ಚಿತ್ರಹಿಂಸೆ ಅನುಭವಿಸುತ್ತಿದ್ದರು. ಜನವರಿ 14ರಂದು ಅವರು ಅಲ್ಲೇ ತೀರಿಕೊಂಡರು. ಜನವರಿ 30ರಂದು 44 ಮಂದಿ ಭಾರತೀಯರನ್ನು, ಹೆಚ್ಚಿನವರು ಅದೇ ಲೀಗ್‌ನ ಸದಸ್ಯರು, ಹಂಫ್ರಿಗಂಜ್‌ಗೆ ಒಯ್ದು ಗುಂಡಿಕ್ಕಿ ಕೊಂದರು.

ನಮ್ಮಲ್ಲಿ ಬಹಳ ಜನರಿಗೆ ಮೊದಲ ದಿನಾಂಕ ಗೊತ್ತು. ಉಳಿದೆರಡು ಗೊತ್ತಿಲ್ಲ. ಯುದ್ಧಕಾಲದಲ್ಲಿ ಬೆಳೆಯುತ್ತಿರುವ ಸಾಮ್ರಾಜ್ಯವೊಂದು ತಾನು ಹಿಡಿದ ನೆಲವನ್ನು ಹೇಗೆ ಆಳುತ್ತದೆ, ಮತ್ತು ಅದೇ ನೆಲವನ್ನು ‘ನಿಮಗೇ ಕೊಟ್ಟೆವು’ ಎಂದಾಗ ನಿಜವಾಗಿ ಏನನ್ನು ಕೊಡುತ್ತದೆ ಎಂಬುದನ್ನು ತಿಳಿಯಲು ಅಂಡಮಾನಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಕಾರಣ ಸರಳ: ಇಲ್ಲಿ ಕಾಗದದ ಮೇಲಿನ ಅಧಿಕಾರವೂ ಕೈಯಲ್ಲಿದ್ದ ಅಧಿಕಾರವೂ ಬೇರೆಬೇರೆಯಾಗಿ, ಕಣ್ಣಿಗೆ ಕಾಣುವಂತೆ ನಿಂತಿದ್ದವು.

ಹಿಡಿದದ್ದು ಏಕೆ, ಹೇಗೆ

ಜಪಾನಿಗೆ ಅಂಡಮಾನಿನ ಜನ ಬೇಕಿರಲಿಲ್ಲ, ಬಂದರು ಬೇಕಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು, ಮಾರ್ಚ್ 8ರಂದು ರಂಗೂನ್ ಬಿತ್ತು. ಬರ್ಮಾದಲ್ಲಿದ್ದ ಜಪಾನಿ ಸೈನ್ಯಕ್ಕೆ ಆಳು, ಮದ್ದುಗುಂಡು, ಅಕ್ಕಿ ಎಲ್ಲವೂ ಸಮುದ್ರದ ಮೇಲೆ ರಂಗೂನ್ ತಲುಪಬೇಕು. ಆ ದಾರಿಯ ಪಶ್ಚಿಮದ ಕಾವಲು ಅಂಡಮಾನ್ ಮತ್ತು ನಿಕೋಬಾರ್. ಪೋರ್ಟ್ ಬ್ಲೇರ್‌ನಲ್ಲಿ ಕಡಲ ವಿಮಾನಗಳನ್ನು ಇಳಿಸಿದರೆ ಬಂಗಾಳ ಕೊಲ್ಲಿಯ ದೊಡ್ಡ ಭಾಗದ ಮೇಲೆ ಕಣ್ಣಿಡಬಹುದು.

ಬ್ರಿಟಿಷರಿಗೂ ಇದು ತಿಳಿದಿತ್ತು. ಕಾಪಾಡಲು ಸೈನ್ಯವಿರಲಿಲ್ಲ ಅಷ್ಟೆ. ಆ ವರ್ಷದ ಆರಂಭದಲ್ಲಿ ಕಳಿಸಿದ್ದ ಗೂರ್ಖಾ ತುಕಡಿಯನ್ನು ಮಾರ್ಚ್ ಮಧ್ಯದೊಳಗೆ ವಾಪಸ್ ಕರೆಸಿಕೊಂಡರು. ಮಾರ್ಚ್ 23ರಂದು ಜಪಾನಿಯರು ಇಳಿದಾಗ ಒಂದು ಗುಂಡೂ ಎದುರಾಗಲಿಲ್ಲ, ಕೆಲವೇ ಗಂಟೆಗಳಲ್ಲಿ ಊರು ಅವರದಾಯಿತು. ಚೀಫ್ ಕಮಿಷನರ್ ವಾಟರ್‌ಫಾಲ್ ಸೆರೆಯಾದರು. ಜೈಲಿನಲ್ಲಿದ್ದ ಕೈದಿಗಳನ್ನು ಬಿಟ್ಟುಬಿಟ್ಟರು. ರಾಜಕೀಯ ಕೈದಿಗಳು ಅಲ್ಲಿರಲಿಲ್ಲ, ಅವರನ್ನು 1937–38ರಲ್ಲೇ ಮುಖ್ಯಭೂಮಿಗೆ ಕಳಿಸಲಾಗಿತ್ತು.

ಆಗ ಅಂಡಮಾನಿನಲ್ಲಿದ್ದವರು ಸುಮಾರು 21 ಸಾವಿರ ಜನ. ಇವರು ಯಾರು ಎಂಬುದು ಈ ಪ್ರಕರಣಕ್ಕೆ ಮುಖ್ಯ. 1858ರಿಂದ ಕರಿನೀರಿನ ಶಿಕ್ಷೆಗೆ ಬಂದವರ ಮಕ್ಕಳು, ಮೊಮ್ಮಕ್ಕಳು, ಮಲಬಾರಿನ 1921ರ ದಂಗೆಯ ನಂತರ ಬಂದ ಮಾಪಿಳ್ಳೆ ಕುಟುಂಬಗಳು, ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಕರೆದಿದ್ದ ಉತ್ತರ ಭಾರತದ ಭಾಂತು ಜನ, ಬರ್ಮೀಯರು, ಕರೆನ್ನರು, ಕಚೇರಿ, ಆಸ್ಪತ್ರೆ, ಪೊಲೀಸ್ ಕೆಲಸಕ್ಕೆಂದು ಬಂದ ಪಂಜಾಬಿಗಳು, ಬಂಗಾಳಿಗಳು, ತಮಿಳರು, ತೆಲುಗರು. ಇವರೆಲ್ಲರ ಬೆನ್ನಿಗೆ ನಿಲ್ಲಬಲ್ಲ ಊರಾಗಲಿ, ಜಮೀನ್ದಾರರಾಗಲಿ, ಮಠ-ಮಸೀದಿಯ ದೊಡ್ಡ ಸಂಸ್ಥೆಯಾಗಲಿ ಇರಲಿಲ್ಲ. ಸುತ್ತ ಸಮುದ್ರ. ಊಟದ ಅಕ್ಕಿಯ ಬಹುಪಾಲು ಹಡಗಿನಲ್ಲಿ ಹೊರಗಿನಿಂದ ಬರಬೇಕು. ಇಂಥ ಜನರನ್ನು ಆಳುವವನಿಗೆ ಎರಡೇ ಎರಡು ಸಾಕು: ಪೊಲೀಸ್ ಮತ್ತು ಪಡಿತರ.

ಮೊದಲ ವಾರದಲ್ಲೇ ಆಡಳಿತದ ಸ್ವಭಾವ ತಿಳಿಯಿತು. ಸೈನಿಕರು ಮನೆಮನೆಗೆ ನುಗ್ಗಿ ಕೋಳಿ, ಮೊಟ್ಟೆ, ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದರು. ಹೀಗೆ ನುಗ್ಗಿದವರನ್ನು ಹೆದರಿಸಲೆಂದು ಝುಲ್ಫಿಕರ್ ಅಲಿ ಎಂಬ ಯುವಕ ತನ್ನ ಏರ್‌ಗನ್ ಹಾರಿಸಿದ. ಯಾರಿಗೂ ಗಾಯವಾಗಲಿಲ್ಲ. ಸೈನಿಕರು ಅವನಿಗಾಗಿ ಊರನ್ನೇ ಜಾಲಾಡಿ, ಮನೆಗಳಿಗೆ ಬೆಂಕಿ ಇಟ್ಟು, ಕೊನೆಗೆ ಅವನನ್ನು ಹಿಡಿದು ಜನರೆದುರೇ ಹಿಂಸಿಸಿ ಗುಂಡಿಟ್ಟರು. ಊರು ಬಿಟ್ಟು ಹೋಗದೆ ಉಳಿದಿದ್ದ ಬ್ರಿಟಿಷ್ ಅಧಿಕಾರಿ ಮೇಜರ್ ಬರ್ಡ್ ಅವರ ಮೇಲೆ ಗೂಢಚಾರಿಕೆಯ ಆರೋಪ ಹೊರಿಸಿ, ಸಾರ್ವಜನಿಕವಾಗಿ ತಲೆ ಕಡಿದರು. ಏಷ್ಯಾದವರನ್ನು ಬಿಳಿಯರಿಂದ ಬಿಡಿಸಲು ಬಂದೆವು ಎಂದವರು ಕೊಂದವರಲ್ಲಿ ಮೊದಲಿಗರು ಒಬ್ಬ ಭಾರತೀಯ ಯುವಕ, ಒಬ್ಬ ಇಂಗ್ಲಿಷ್ ಅಧಿಕಾರಿ. ಯಾರನ್ನು ಕೊಲ್ಲುತ್ತೇವೆ ಎನ್ನುವುದಕ್ಕಿಂತ ಎಲ್ಲರೂ ನೋಡಬೇಕು ಎನ್ನುವುದು ಅವರಿಗೆ ಮುಖ್ಯವಾಗಿತ್ತು.

ನಡುವೆ ನಿಂತ ಸಮಿತಿ

ಯಾವ ಆಕ್ರಮಿತ ಪ್ರದೇಶವನ್ನೂ ಬರೀ ಕೋವಿಯಿಂದ ಆಳಲಾಗುವುದಿಲ್ಲ. ಕೂಲಿಯಾಳು ಕಳಿಸಲು, ತರಕಾರಿ ಒಟ್ಟುಮಾಡಲು, ಆದೇಶವನ್ನು ಜನರ ಭಾಷೆಯಲ್ಲಿ ಹೇಳಲು ಯಾರಾದರೂ ಸ್ಥಳೀಯರು ಬೇಕು. ಜಪಾನಿಯರು ಭಾರತೀಯರ ಒಂದು ಶಾಂತಿ ಸಮಿತಿ ಮಾಡಿದರು. ಲೀಗ್‌ನ ಶಾಖೆಯೂ ತೆರೆಯಿತು. ಎರಡರಲ್ಲೂ ಮುಂದಾಳಾಗಿದ್ದವರು ಡಾ. ದಿವಾನ್ ಸಿಂಗ್.

ಇವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1897ರಲ್ಲಿ ಸಿಯಾಲ್‌ಕೋಟ್ ಜಿಲ್ಲೆಯಲ್ಲಿ ಹುಟ್ಟಿದವರು. ವೈದ್ಯರು, ಪಂಜಾಬಿ ಕವಿ. ಛಂದಸ್ಸಿನ ಕಟ್ಟು ಬಿಟ್ಟು ಬರೆದ ಅವರ ‘ವಗ್ದೇ ಪಾಣಿ’ 1938ರಲ್ಲಿ ಬಂತು. ಪಂಜಾಬಿಯ ಹೊಸ ಕಾವ್ಯದ ಆರಂಭದ ಹೆಸರುಗಳಲ್ಲಿ ಅವರದೂ ಒಂದು. ಜನ ಅವರನ್ನು ‘ಕಾಲೇಪಾಣಿ’ ಎಂಬ ಸೇರಿಕೆಯೊಂದಿಗೇ ನೆನೆಯುತ್ತಾರೆ. ಪೋರ್ಟ್ ಬ್ಲೇರ್‌ನಲ್ಲಿ ರೋಗಿಗಳನ್ನು ನೋಡುತ್ತ, ಗುರುದ್ವಾರವನ್ನು ಕಟ್ಟಿ ಬೆಳೆಸುತ್ತ ಇದ್ದ ಅವರು ಜಪಾನಿಯರ ಕೆಳಗೆ ಸಮಿತಿಯ ಹೊಣೆ ಹೊತ್ತಿದ್ದು ಜನರಿಗೂ ಸೈನ್ಯಕ್ಕೂ ನಡುವೆ ಯಾರಾದರೂ ನಿಲ್ಲಲೇಬೇಕಿತ್ತು ಎಂಬ ಕಾರಣಕ್ಕೆ. ಸೈನಿಕರಿಗಾಗಿ ಕೊರಿಯಾ ಮತ್ತಿತರ ಕಡೆಗಳಿಂದ ಹೆಂಗಸರನ್ನು ಬಲವಂತವಾಗಿ ತಂದು ಇರಿಸಲು ಗುರುದ್ವಾರವನ್ನೇ ಬಿಟ್ಟುಕೊಡಿ ಎಂದು ಕೇಳಿದಾಗ ಅವರು ಒಪ್ಪಲಿಲ್ಲ ಎಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಇಂಥ ನಡುವಿನ ಮನುಷ್ಯನ ಸ್ಥಿತಿ ಯಾವ ಆಕ್ರಮಣದಲ್ಲೂ ಅತ್ಯಂತ ಅಪಾಯದ್ದು. ಆಳುವವರ ಮಾತಿಗೆ ಪೂರ್ತಿ ತಲೆಬಾಗಿದರೆ ಜನರ ಕಣ್ಣಲ್ಲಿ ದ್ರೋಹಿ, ಜನರ ಪರ ಒಂದು ಮಾತಾಡಿದರೆ ಆಳುವವರ ಕಣ್ಣಲ್ಲಿ ಶತ್ರು. ಸಹಕಾರ, ವಿರೋಧ ಎಂಬ ಎರಡು ಪೆಟ್ಟಿಗೆ ಮಾಡಿ ದಿವಾನ್ ಸಿಂಗರಂಥವರನ್ನು ಒಂದರಲ್ಲಿ ಹಾಕಿಬಿಡುವ ಇತಿಹಾಸ ಬರವಣಿಗೆಯನ್ನು ನಾನು ಒಪ್ಪುವುದಿಲ್ಲ. ಅವರು ಮಾಡಿದ್ದು ಸಹಕಾರವೂ ಹೌದು. ಆ ಸಹಕಾರದೊಳಗಿನಿಂದಲೇ ಅವರು ಕೆಲವು ಬಾಗಿಲುಗಳನ್ನು ಮುಚ್ಚಿಟ್ಟದ್ದೂ ನಿಜ.

ಗೂಢಚಾರರ ಹುಡುಕಾಟ

1943ರ ಆರಂಭದಿಂದ ಜಪಾನಿಯರ ಸಂಶಯ ರೋಗದಂತೆ ಬೆಳೆಯಿತು. ಪೋರ್ಟ್ ಬ್ಲೇರ್‌ಗೆ ಬರುವ, ಹೋಗುವ ಹಡಗುಗಳ ಮೇಲೆ ದಾಳಿಯಾಗುತ್ತಿತ್ತು. ಸುದ್ದಿ ಯಾರೋ ಒಳಗಿನಿಂದಲೇ ಮುಟ್ಟಿಸುತ್ತಿದ್ದಾರೆ ಎಂದು ಅವರು ನಂಬಿದರು.

ಗೂಢಚಾರರು ನಿಜಕ್ಕೂ ಬಂದಿದ್ದರು, ಅದನ್ನು ಮರೆಮಾಚಬೇಕಿಲ್ಲ. ಯುದ್ಧಕ್ಕೆ ಮುಂಚೆ ಪೋರ್ಟ್ ಬ್ಲೇರ್‌ನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಡೆನಿಸ್ ಮೆಕಾರ್ತಿ 1943ರ ಜನವರಿಯಲ್ಲಿ ಡಚ್ ಜಲಾಂತರ್ಗಾಮಿಯೊಂದರಿಂದ ಸಣ್ಣ ತಂಡದೊಂದಿಗೆ ಅಂಡಮಾನಿನ ಕಾಡು ದಡದಲ್ಲಿ ಇಳಿದರು. ಒಂದು ತಿಂಗಳಿನಷ್ಟು ಕಾಲ ಕಾಡಿನಲ್ಲಿ ತಿರುಗಿ, ಮಾಹಿತಿ ಕಲೆಹಾಕಿ, ಸುರಕ್ಷಿತವಾಗಿ ಮರಳಿದರು. ಅಂದರೆ ನಿಜವಾದ ಗೂಢಚಾರರು ಸಿಗಲಿಲ್ಲ. ಸಿಕ್ಕವರು ಊರಿನ ಜನ.

ಮೊದಲ ಗೂಢಚಾರ ಪ್ರಕರಣದಲ್ಲಿ ಕೊಲೆಯಾದವರಲ್ಲಿ ಪೊಲೀಸ್ ಅಧಿಕಾರಿ ನಾರಾಯಣ ರಾವ್ ಇದ್ದರು. ಅವರೂ ಲೀಗ್‌ನವರೇ. ಎರಡನೆಯ ಪ್ರಕರಣ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶುರುವಾಯಿತು, ಮೊದಲನೆಯದಕ್ಕಿಂತ ಬಹಳ ದೊಡ್ಡದು. ನೂರಾರು ಜನರನ್ನು ಹಿಡಿದು ಸೆಲ್ಯುಲರ್ ಜೈಲಿಗೆ ತಳ್ಳಿದರು. ವೈದ್ಯರು, ಶಿಕ್ಷಕರು, ಗುಮಾಸ್ತರು, ವ್ಯಾಪಾರಿಗಳು, ಅಂದರೆ ಓದುಬರಹ ಬಲ್ಲವರು, ನಾಲ್ಕು ಜನ ಮಾತು ಕೇಳುವಂಥವರು. ಹೆಂಗಸರನ್ನೂ ಬಿಡಲಿಲ್ಲ. ಹಿಂಸೆ ತಾಳಲಾರದೆ ಒಬ್ಬ ಹೇಳಿದ ಹೆಸರು ಇನ್ನೊಬ್ಬನ ಬಂಧನಕ್ಕೆ ಸಾಕ್ಷಿ, ಅವನು ಹೇಳಿದ ಹೆಸರು ಮತ್ತೊಬ್ಬನದಕ್ಕೆ. ಈ ರೀತಿಯ ತನಿಖೆಗೆ ಕೊನೆ ಎಂಬುದೇ ಇರುವುದಿಲ್ಲ, ಏಕೆಂದರೆ ಪ್ರತಿ ಹೊಸ ತಪ್ಪೊಪ್ಪಿಗೆಯೂ ಹಿಂದಿನದು ಸರಿಯಿತ್ತು ಎಂದು ತೋರಿಸುತ್ತ ಹೋಗುತ್ತದೆ. ದಿವಾನ್ ಸಿಂಗರನ್ನು ಅಕ್ಟೋಬರ್ 23ರಂದು ಹಿಡಿದರು. ಎಂಬತ್ತಕ್ಕೂ ಹೆಚ್ಚು ದಿನ ಅವರು ಬದುಕಿದ್ದರು. ತಪ್ಪೊಪ್ಪಿಗೆ ಕೊಡಲಿಲ್ಲ.

ಅಕ್ಟೋಬರ್ 23 ಎಂಬ ದಿನಾಂಕವನ್ನು ಓದುಗರು ಗಮನಿಸಬೇಕು. ಅದಕ್ಕೆ ಎರಡೇ ದಿನ ಮೊದಲು, ಅಕ್ಟೋಬರ್ 21ರಂದು, ಸಿಂಗಪುರದಲ್ಲಿ ಬೋಸರು ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರವನ್ನು ಘೋಷಿಸಿದ್ದರು. ಜಪಾನ್ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟದ್ದೂ ಆ ದಿನಗಳಲ್ಲೇ, ಅಕ್ಟೋಬರ್ 23ರಂದೇ.

ಟೋಕಿಯೊದಲ್ಲಿ ಕೊಟ್ಟದ್ದು

ಜಪಾನ್ ಆ ವರ್ಷ ತಾನು ಹಿಡಿದ ದೇಶಗಳಿಗೆ ‘ಸ್ವಾತಂತ್ರ್ಯ’ ಹಂಚುತ್ತಿತ್ತು. ಆಗಸ್ಟ್ 1ರಂದು ಬರ್ಮಾಕ್ಕೆ, ಅಕ್ಟೋಬರ್ 14ರಂದು ಫಿಲಿಪ್ಪೀನ್ಸ್‌ಗೆ. ಯುದ್ಧದ ಗಾಳಿ ತಿರುಗತೊಡಗಿತ್ತು. ಗೆದ್ದ ನೆಲದ ಜನರ ಒಪ್ಪಿಗೆ ಈಗ ಬೇಕಾಗಿತ್ತು. ಆದರೆ ಎಲ್ಲರಿಗೂ ಅಲ್ಲ. ಅದೇ ವರ್ಷದ ಮೇ 31ರಂದು ಚಕ್ರವರ್ತಿಯ ಸಮ್ಮುಖದ ಸಭೆ ಮಲಯ, ಸುಮಾತ್ರಾ, ಜಾವಾ, ಬೋರ್ನಿಯೊ, ಸೆಲೆಬೆಸ್‌ಗಳು ಜಪಾನಿನದೇ ನೆಲವಾಗಬೇಕೆಂದು ತೀರ್ಮಾನಿಸಿ, ಆ ತೀರ್ಮಾನವನ್ನು ಗುಟ್ಟಾಗಿಟ್ಟಿತ್ತು. ಎಣ್ಣೆ, ರಬ್ಬರ್, ತವರ ಇದ್ದ ನಾಡುಗಳು ಅವು. ಸ್ವಾತಂತ್ರ್ಯದ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿದರೆ ಲೆಕ್ಕ ತಾನೇ ತಿಳಿಯುತ್ತದೆ.

ನವೆಂಬರ್ 5 ಮತ್ತು 6ರಂದು ಟೋಕಿಯೊದಲ್ಲಿ ಬೃಹತ್ ಪೂರ್ವ ಏಷ್ಯಾ ಸಮ್ಮೇಳನ ನಡೆಯಿತು. ಬೋಸರು ವೀಕ್ಷಕರಾಗಿ ಕುಳಿತಿದ್ದರು. ಎರಡನೆಯ ದಿನ ಪ್ರಧಾನಿ ತೋಜೊ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು ಆಜಾದ್ ಹಿಂದ್ ಸರ್ಕಾರಕ್ಕೆ ಒಪ್ಪಿಸಲು ಜಪಾನ್ ಸಿದ್ಧವಿದೆ ಎಂದು ಪ್ರಕಟಿಸಿದರು. ಬೋಸರಿಗೆ ಇದು ಬಹು ದೊಡ್ಡ ವಿಷಯ. ನೆಲವಿಲ್ಲದ ಸರ್ಕಾರಕ್ಕೆ ನೆಲ ಸಿಕ್ಕಿತ್ತು, ಅದೂ ಕರಿನೀರಿನ ನೆಲ. ಅಂಡಮಾನಿಗೆ ಶಹೀದ್, ನಿಕೋಬಾರಿಗೆ ಸ್ವರಾಜ್ ಎಂದು ಹೆಸರಿಟ್ಟರು.

ಡಿಸೆಂಬರ್ 29ರಂದು ಅವರು ಪೋರ್ಟ್ ಬ್ಲೇರ್‌ಗೆ ಬಂದಿಳಿದರು. ರಾಸ್ ದ್ವೀಪದಲ್ಲಿ, ಚೀಫ್ ಕಮಿಷನರರ ಹಳೆಯ ಬಂಗಲೆಯಲ್ಲಿ ಉಳಿದರು. ಹೋದಲ್ಲೆಲ್ಲ ಜಪಾನಿ ಅಧಿಕಾರಿಗಳು ಸುತ್ತಲಿದ್ದರು. ಸೆಲ್ಯುಲರ್ ಜೈಲನ್ನೂ ತೋರಿಸಿದರು, ಆದರೆ ಕೈದಿಗಳಿದ್ದ ಭಾಗವನ್ನು ತೋರಿಸಲಿಲ್ಲ ಎಂಬುದು ಸ್ಥಳೀಯರ ನಿರೂಪಣೆಗಳಲ್ಲೆಲ್ಲ ಬರುತ್ತದೆ. ಒಳಗಿದ್ದವರ ಮನೆಯವರಿಗೆ ಬೋಸರ ಬಳಿ ಹೋಗಿ ಒಂದು ಮಾತು ಹೇಳುವ ಅವಕಾಶ ಸಿಗಲಿಲ್ಲ.

ಬೋಸರಿಗೆ ಗೊತ್ತಿತ್ತೇ ಎಂಬ ಪ್ರಶ್ನೆಯನ್ನೇ ಹಿಡಿದು ಕೂರುವವರಿದ್ದಾರೆ. ಅವರನ್ನು ದೂಷಿಸಲು ಕೆಲವರಿಗೆ ಅದು ಬೇಕು, ಅವರನ್ನು ಕಾಪಾಡಲು ಕೆಲವರಿಗೆ ಅದು ಬೇಕು. ನನಗೆ ಹೆಚ್ಚು ಕಾಡುವುದು ಬೇರೆ. ಒಂದು ಸರ್ಕಾರದ ಮುಖ್ಯಸ್ಥ ತನ್ನದೆಂದು ಘೋಷಿಸಿದ ನೆಲದ ಮೇಲೆ ನಿಂತಿದ್ದಾನೆ. ಅವನ ಸಂಘಟನೆಯ ಸ್ಥಳೀಯ ಮುಖಂಡ ಎಲ್ಲಿ ಎಂದು ಅವನು ಕೇಳಿದರೂ ಉತ್ತರ ಕೊಡುವವರು ಜಪಾನಿಯರೇ, ಜೈಲಿನ ಬೀಗದ ಕೈ ಇರುವುದೂ ಅವರ ಸೊಂಟದಲ್ಲೇ. ತಿಳಿದಿದ್ದರೂ ಆ ಬಾಗಿಲು ತೆಗೆಸುವ ಶಕ್ತಿ ಬೋಸರ ಸರ್ಕಾರಕ್ಕೆ ಇರಲಿಲ್ಲ. ಹಡಗು ಅವರದಲ್ಲ, ವಿಮಾನ ಅವರದಲ್ಲ, ಮದ್ದುಗುಂಡು ಅವರದಲ್ಲ. ಇಂಫಾಲದ ಕಡೆಗೆ ಹೊರಡಲಿದ್ದ ಅವರ ಸೈನ್ಯಕ್ಕೂ ಜಪಾನಿನದೇ ಆಸರೆ.

ಐದು ಜನರ ಸರ್ಕಾರ

1944ರ ಫೆಬ್ರವರಿಯಲ್ಲಿ ಆಜಾದ್ ಹಿಂದ್ ಸರ್ಕಾರದ ಪರವಾಗಿ ಎ. ಡಿ. ಲೋಗನಾಥನ್ ಚೀಫ್ ಕಮಿಷನರಾಗಿ ಬಂದರು. ಅವರೂ ವೈದ್ಯರೇ, ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದವರು. ಜತೆಗೆ ಮೇಜರ್ ಆಳ್ವಿ, ಇಬ್ಬರು ಕಿರಿಯ ಅಧಿಕಾರಿಗಳು, ಒಬ್ಬ ಸ್ಟೆನೋಗ್ರಾಫರ್. ಒಟ್ಟು ಐದು ಜನ. ಹಂಫ್ರಿಗಂಜ್‌ನ ಗುಂಡಿಗಳ ಮೇಲೆ ಹಾಕಿದ ಮಣ್ಣು ಇನ್ನೂ ಹಸಿಯಾಗಿದ್ದ ಸಮಯ.

ದ್ವೀಪ ಜಪಾನಿ ನೌಕಾಪಡೆಯ ಕೈಯಲ್ಲಿತ್ತು. ಯುದ್ಧ ನಡೆಯುತ್ತಿರುವಾಗ ಆಯಕಟ್ಟಿನ ಈ ಜಾಗವನ್ನು ಪೂರ್ತಿ ಬಿಟ್ಟುಕೊಡಲಾಗದು, ಕೆಲವು ಇಲಾಖೆಗಳನ್ನು ವಹಿಸಿಕೊಳ್ಳಿ ಎಂದು ಲೋಗನಾಥನ್‌ಗೆ ಹೇಳಿದರು. ಲೋಗನಾಥನ್ ಪೊಲೀಸ್ ಇಲಾಖೆ ಕೇಳಿದರು. ಗೂಢಚಾರ ಪ್ರಕರಣಗಳು ಇನ್ನೂ ಮುಗಿದಿಲ್ಲ, ಅದು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಪೊಲೀಸ್ ಇಲ್ಲದಿದ್ದರೆ ಬೇರೆ ಇಲಾಖೆಗಳೂ ಬೇಡ ಎಂದು ಅವರು ಶಿಕ್ಷಣವನ್ನು ಮಾತ್ರ ಇಟ್ಟುಕೊಂಡರು.

ಈ ನಿರ್ಧಾರವನ್ನು ನಾನು ಬಹಳ ಮೆಚ್ಚುತ್ತೇನೆ. ಠಾಣೆ ಕೈಯಲ್ಲಿಲ್ಲದೆ ಪಡಿತರವನ್ನೋ ಕೂಲಿಯಾಳುಗಳ ಲೆಕ್ಕವನ್ನೋ ವಹಿಸಿಕೊಂಡಿದ್ದರೆ ಜಪಾನಿಯರ ಆದೇಶಕ್ಕೆ ಭಾರತೀಯ ಸಹಿ ಹಾಕುವ ಕೆಲಸವಷ್ಟೇ ಆಗುತ್ತಿತ್ತು. ಬಂಧನಕ್ಕೆ, ಬಿಟ್ಟಿ ದುಡಿಮೆಗೆ, ಹಸಿವಿಗೆ ಆಜಾದ್ ಹಿಂದ್ ಹೆಸರು ಅಂಟುತ್ತಿತ್ತು. ಲೋಗನಾಥನ್ ಶಾಲೆಗಳನ್ನು ನೋಡಿಕೊಂಡರು, ತಮ್ಮ ಕೈಗೆ ಏನೂ ಬಂದಿಲ್ಲವೆಂದು ಬೋಸರಿಗೆ ವರದಿ ಕಳಿಸಿದರು, ಆರೋಗ್ಯ ಕೆಟ್ಟು ಅದೇ ವರ್ಷ ಆಳ್ವಿಗೆ ಹೊಣೆ ಬಿಟ್ಟು ಹೊರಟರು. ಆದರೂ ಒಂದು ಮಾತು ಹೇಳಲೇಬೇಕು: ಅವರಿದ್ದ ಕಾಲದಲ್ಲಿ ಗೂಢಚಾರಿಕೆಯ ಆರೋಪದ ಸಾಮೂಹಿಕ ಕೊಲೆಗಳು ಹಿಂದಿನ ಪ್ರಮಾಣದಲ್ಲಿ ನಡೆದಂತೆ ಕಾಣುವುದಿಲ್ಲ. ಅಧಿಕಾರವಿಲ್ಲದ ಒಬ್ಬ ಮನುಷ್ಯ ನೋಡುತ್ತಿದ್ದಾನೆ ಎಂಬುದಕ್ಕೂ ಸ್ವಲ್ಪ ಬೆಲೆ ಇದ್ದಿರಬೇಕು.

ಹಸಿವು

ಉಳಿದದ್ದು ಅನ್ನದ ಕಥೆ. 1944ರ ಹೊತ್ತಿಗೆ ಮಿತ್ರಪಡೆಗಳ ಹಡಗು, ಜಲಾಂತರ್ಗಾಮಿ, ವಿಮಾನಗಳು ದ್ವೀಪದ ದಾರಿಯನ್ನು ಕಟ್ಟಿಹಾಕಿದ್ದವು. ಬರ್ಮಾದ ಅಕ್ಕಿ ಬರುವುದು ನಿಂತುಹೋಗುತ್ತ ಬಂತು. ದ್ವೀಪದಲ್ಲಿದ್ದ ಸಾವಿರಾರು ಜಪಾನಿ ಸೈನಿಕರಿಗೆ ಊಟ ಮೊದಲು. ಊರಿನವರು ವಿಮಾನ ನಿಲ್ದಾಣದ ರನ್‌ವೇ, ಬಂಕರು, ರಸ್ತೆಗಳಲ್ಲಿ ಬಲವಂತದ ದುಡಿಮೆ ಮಾಡಿ ಬಂದು ಗೆಣಸು, ಮರಗೆಣಸು, ಕಾಡಿನ ಸೊಪ್ಪು ತಿಂದು ದಿನ ದೂಡಿದರು. ಬೆಳೆದವನ ತೋಟದ ಬೆಳೆಗೂ ಲೆಕ್ಕ. ತನ್ನದೇ ಗಿಡದ ಕಾಯಿ ಕಿತ್ತರೂ ಕಳ್ಳತನ.

1945ರ ಆಗಸ್ಟ್‌ನಲ್ಲಿ, ಸೋಲು ಖಚಿತವಾಗಿದ್ದಾಗ, ಜಪಾನಿಯರು ದುಡಿಯಲಾಗದವರೆಂದು ನೂರಾರು ಜನರನ್ನು ಆರಿಸಿದರು. ಹೊಸ ಜಾಗದಲ್ಲಿ ವ್ಯವಸಾಯ ಮಾಡಿಸುತ್ತೇವೆ ಎಂದು ಹೇಳಿ ದೋಣಿ ಹತ್ತಿಸಿ, ಹ್ಯಾವ್‌ಲಾಕ್ ದ್ವೀಪದ ಬಳಿ ರಾತ್ರಿ ಕಡಲಿಗೆ ತಳ್ಳಿದರು. ಬಹಳ ಜನ ಮುಳುಗಿದರು. ಈಜಿ ದಡ ಸೇರಿದವರಿಗೆ ಅಲ್ಲಿ ತಿನ್ನಲು ಏನೂ ಇರಲಿಲ್ಲ. ವಾರಗಳ ನಂತರ ಬ್ರಿಟಿಷರು ಬಂದಾಗ ಜೀವಂತವಾಗಿ ಸಿಕ್ಕವರು ಬೆರಳೆಣಿಕೆಯಷ್ಟು. ತಿನ್ನುವ ಬಾಯಿಗಳನ್ನು ಕಡಿಮೆ ಮಾಡುವುದೇ ಆ ಸಾಗಾಟದ ಉದ್ದೇಶ, ಅದಕ್ಕೆ ಬೇರೆ ವಿವರಣೆ ಇಲ್ಲ.

ನಿಕೋಬಾರಿನಲ್ಲೂ ಇದೇ ದಾರಿ. ಕಾರ್ ನಿಕೋಬಾರ್‌ನಲ್ಲಿ ವಾಯುನೆಲೆಗಾಗಿ ಜನರನ್ನು ದುಡಿಸಿದರು. 1945ರಲ್ಲಿ ಬ್ರಿಟಿಷ್ ನೌಕಾಪಡೆಯ ದಾಳಿಯಾದಾಗ ಗೂಢಚಾರರೆಂದು ನಿಕೋಬಾರಿಗಳನ್ನು ಹಿಡಿದು ಹಿಂಸಿಸಿ ಕೊಂದರು. ಸಾವಿನ ಬಾಯಿಂದ ಪಾರಾದ ಪಾದ್ರಿ ಜಾನ್ ರಿಚರ್ಡ್‌ಸನ್ 1952ರಲ್ಲಿ ಮೊದಲ ಲೋಕಸಭೆಗೆ ಅಂಡಮಾನ್–ನಿಕೋಬಾರ್‌ನಿಂದ ನಾಮನಿರ್ದೇಶಿತರಾದರು.

ಅಕ್ಟೋಬರ್ 1945ರಲ್ಲಿ ಜಪಾನಿ ವೈಸ್ ಅಡ್ಮಿರಲ್ ಹಾರಾ ಪೋರ್ಟ್ ಬ್ಲೇರ್‌ನಲ್ಲಿ ಶರಣಾದರು. ಯುದ್ಧಾಪರಾಧದ ವಿಚಾರಣೆಗಳು 1946ರಲ್ಲಿ ಸಿಂಗಪುರದಲ್ಲಿ ನಡೆದವು. ಬಂದೀಖಾನೆಯ ವಸಾಹತನ್ನು ಬ್ರಿಟಿಷರು ಮತ್ತೆ ತೆರೆಯಲಿಲ್ಲ.

2018ರ ಡಿಸೆಂಬರ್ 30ರಂದು, ಧ್ವಜ ಹಾರಿಸಿದ 75ನೆಯ ವರ್ಷಕ್ಕೆ, ರಾಸ್ ದ್ವೀಪಕ್ಕೆ ಬೋಸರ ಹೆಸರು, ನೀಲ್ ದ್ವೀಪಕ್ಕೆ ಶಹೀದ್, ಹ್ಯಾವ್‌ಲಾಕ್‌ಗೆ ಸ್ವರಾಜ್ ಎಂಬ ಹೆಸರು ಬಂತು. ಆ ಗೌರವ ಸಲ್ಲಬೇಕಾದದ್ದೇ. ಆದರೆ ಸ್ವರಾಜ್ ದ್ವೀಪದ ಬಿಳಿ ಮರಳಿಗೆ ಹೋಗುವ ನಮ್ಮ ಪ್ರವಾಸಿಗರಿಗೆ 1945ರ ಆಗಸ್ಟ್‌ನಲ್ಲಿ ಆ ಕಡಲಿಗೆ ತಳ್ಳಲ್ಪಟ್ಟವರ ಬಗ್ಗೆ ಯಾರೂ ಹೇಳುವುದಿಲ್ಲ. ಹಂಫ್ರಿಗಂಜ್‌ನಲ್ಲಿ ಸ್ಮಾರಕವಿದೆ, ಪ್ರವಾಸದ ಪಟ್ಟಿಗಳಲ್ಲಿ ಅದು ಕಾಣುವುದೇ ಅಪರೂಪ. ಬೋಸರನ್ನು ಗೌರವಿಸುವವರು ಅವರ ಸಂಘಟನೆಗಾಗಿಯೇ ಸತ್ತ ಈ ಜನರನ್ನು ಮರೆಯುವುದು ನನಗೆ ಸಹಿಸಲಾಗದ ಸಂಗತಿ.

ಕೆಂಪುಕೋಟೆಯಲ್ಲಿ ಅಂಡಮಾನ್

ಈ ಪ್ರಕರಣ ದ್ವೀಪದಲ್ಲೇ ಮುಗಿಯಲಿಲ್ಲ. 1945ರ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಬೋಸರ ಸೈನ್ಯದ ಅಧಿಕಾರಿಗಳಾಗಿದ್ದ ಷಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ಆರಂಭವಾಯಿತು. ಆರೋಪ: ಬ್ರಿಟಿಷ್ ಚಕ್ರವರ್ತಿಯ ವಿರುದ್ಧ ಯುದ್ಧ ಸಾರಿದ್ದು. ಆಜಾದ್ ಹಿಂದ್ ಸರ್ಕಾರ ಬೇರೆ ರಾಷ್ಟ್ರಗಳ ಮಾನ್ಯತೆ ಪಡೆದ, ಸೈನ್ಯವಿದ್ದ, ಸ್ವಂತ ನೆಲವಿದ್ದ ನಿಜವಾದ ಸರ್ಕಾರ. ಅದು ಸಾರಿದ್ದು ಕಾನೂನುಬದ್ಧ ಯುದ್ಧ ಎಂಬುದು ಪ್ರತಿವಾದಿಗಳ ಪರ ವಕೀಲ ಭೂಲಾಭಾಯಿ ದೇಸಾಯಿ ಅವರ ವಾದ. ಸ್ವಂತ ನೆಲ ಎಂದಾಗ ತೋರಿಸಲು ಇದ್ದದ್ದು ಬರ್ಮಾದ ಜಿಯಾವಾಡಿ ಎಸ್ಟೇಟ್, ಮಣಿಪುರದ ಗಡಿಯಲ್ಲಿ ಕೆಲಕಾಲ ಕೈಗೆ ಬಂದಿದ್ದ ಪ್ರದೇಶ, ಮತ್ತು ಅಂಡಮಾನ್–ನಿಕೋಬಾರ್.

ಹಾಗಾಗಿ ಲೋಗನಾಥನ್ ಪ್ರತಿವಾದಿಗಳ ಸಾಕ್ಷಿಯಾಗಿ ಕಟಕಟೆಗೆ ಬಂದರು. ದ್ವೀಪಗಳನ್ನು ಒಪ್ಪಿಸುವ ಸಮಾರಂಭ ನಡೆದದ್ದು, ತಾವು ಚೀಫ್ ಕಮಿಷನರಾಗಿ ಹೋದದ್ದು ಎಲ್ಲವನ್ನೂ ಹೇಳಿದರು. ಸರ್ಕಾರದ ಪರ ವಕೀಲ ಸರ್ ನೌಶೀರ್ವಾನ್ ಇಂಜಿನಿಯರ್ ಅವರ ಪಾಟೀಸವಾಲಿನಲ್ಲಿ, ಪೊಲೀಸ್ ಇಲಾಖೆ ಕೊಡದ ಕಾರಣ ಬೇರೆ ಇಲಾಖೆಗಳನ್ನು ತಾವು ತೆಗೆದುಕೊಳ್ಳಲಿಲ್ಲ, ಶಿಕ್ಷಣ ಮಾತ್ರ ತಮ್ಮ ಬಳಿ ಇತ್ತು ಎಂಬುದನ್ನೂ ಮುಚ್ಚಿಡದೆ ಹೇಳಿದರು. ತನ್ನ ಕಡೆಯ ವಾದಕ್ಕೆ ಪೆಟ್ಟು ಬೀಳುತ್ತದೆಂದು ತಿಳಿದೂ ಅವರು ಮಾತನ್ನು ಉಬ್ಬಿಸಲಿಲ್ಲ. ಅಂಡಮಾನಿನಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದಕ್ಕೆ ನಮಗಿರುವ ಅತ್ಯಂತ ನಂಬಲರ್ಹ ಸಾಕ್ಷ್ಯ ಇವತ್ತಿಗೂ ಇದೇ.

ಡಿಸೆಂಬರ್ 31ರಂದು ನ್ಯಾಯಾಲಯ ಮೂವರೂ ತಪ್ಪಿತಸ್ಥರೆಂದು ತೀರ್ಮಾನಿಸಿ, ಜೀವಾವಧಿ ಗಡೀಪಾರು ವಿಧಿಸಿತು. ದೇಶವೆಲ್ಲ ಕುದಿಯುತ್ತಿತ್ತು. ಪ್ರಧಾನ ಸೇನಾಪತಿ ಆಕಿನ್‌ಲೆಕ್ ಆ ಶಿಕ್ಷೆಯನ್ನು ಮನ್ನಾ ಮಾಡಿದರು, ಮೂವರೂ 1946ರ ಜನವರಿ ಮೊದಲ ವಾರದಲ್ಲಿ ಹೊರಬಂದರು.